ಉಗ್ರಾಣಕ್ಕೆ ಬಂದ ಹಳೆಯ ಬಕೆಟ್ಟು: ವಾಸನೆ ಕಳೆಯುವ ಕ್ರಮ, ವಹಿಸಬೇಕಾದ ಎಚ್ಚರ

ಅಡುಗೆಮನೆಯ ಆರೋಗ್ಯದ ಮಾತು ಬಂದಾಗ ಧಾನ್ಯ ಹೇಗಿದೆ, ಎಣ್ಣೆ ಎಂತಹುದು, ನೀರು ಶುದ್ಧವೇ ಎಂದು ನಾವು ವಿಚಾರಿಸುತ್ತೇವೆ. ಅವುಗಳನ್ನು ತಿಂಗಳುಗಟ್ಟಲೆ ತುಂಬಿಡುವ ಪಾತ್ರೆಯ ವಿಚಾರ ಮಾತ್ರ ಹಿಂದೆ ಉಳಿಯುತ್ತದೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ, ಭತ್ತವನ್ನು ಕಣಜದಲ್ಲಿ, ಬೇಳೆಕಾಳುಗಳನ್ನು ಮಣ್ಣಿನ ಗಡಿಗೆಗಳಲ್ಲಿ ಇಡುತ್ತಿದ್ದರು. ಒಂದೊಂದು ಪಾತ್ರೆಗೂ ಒಂದೊಂದೇ ಕೆಲಸವಿತ್ತು. ಉಪ್ಪಿನಕಾಯಿಯ ಜಾಡಿ ವರ್ಷವೆಲ್ಲ ಉಪ್ಪಿನಕಾಯಿಯ ಜಾಡಿಯಾಗಿಯೇ ಇರುತ್ತಿತ್ತು. ಆದ್ದರಿಂದ ಒಂದರ ವಾಸನೆ ಇನ್ನೊಂದಕ್ಕೆ ಹತ್ತುವ ಪ್ರಸಂಗ ವಿರಳವಾಗಿತ್ತು.

ಇಂದು ಆ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿದೆ. ಹೋಟೆಲು, ಬೇಕರಿ, ಸಿಹಿತಿಂಡಿಯ ಅಂಗಡಿಗಳಿಗೆ ಉಪ್ಪಿನಕಾಯಿ, ಸಾಸ್, ಜಾಮ್, ವನಸ್ಪತಿ, ಹುಣಸೆಹಣ್ಣಿನ ತಿರುಳು ಮೊದಲಾದವು ದೊಡ್ಡ ಬಕೆಟ್ಟುಗಳಲ್ಲಿ ಬರುತ್ತವೆ. ಬರಿದಾದ ಬಕೆಟ್ಟುಗಳು ಗುಜರಿ ಅಂಗಡಿಗೂ ವಾರದ ಸಂತೆಗೂ ಸೇರಿ, ಹೊಸದಕ್ಕಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಬಿಗಿಯಾದ ಮುಚ್ಚಳ, ಗಟ್ಟಿಯಾದ ಹಿಡಿಕೆ, ಹದಿನೈದಿಪ್ಪತ್ತು ಲೀಟರು ಹಿಡಿಯುವ ಗಾತ್ರ ಇರುವುದರಿಂದ ಇಲಿ ಮತ್ತು ಹುಳುಗಳಿಂದ ಧಾನ್ಯವನ್ನು ಕಾಯಲು ಇವು ಅನುಕೂಲ. ಮನೆಗಳಲ್ಲಷ್ಟೇ ಅಲ್ಲ, ವಿದ್ಯಾರ್ಥಿನಿಲಯಗಳ ಉಗ್ರಾಣಗಳಲ್ಲಿ, ಜಾತ್ರೆಯ ದಾಸೋಹದ ಕೊಟ್ಟಿಗೆಗಳಲ್ಲಿ ಇಂತಹ ಬಕೆಟ್ಟುಗಳ ಸಾಲನ್ನು ನಾವು ಕಾಣುತ್ತೇವೆ. ಇರುವ ವಸ್ತುವನ್ನು ಎಸೆಯದೆ ಮತ್ತೆ ಬಳಸುವುದು ಮಿತವ್ಯಯವೂ ಹೌದು, ಪರಿಸರಕ್ಕೆ ಹಿತವೂ ಹೌದು.

ತೊಂದರೆ ಇರುವುದು ವಾಸನೆಯಲ್ಲಿ. ನಾಲ್ಕು ಬಾರಿ ತೊಳೆದ ಬಕೆಟ್ಟಿನ ಮುಚ್ಚಳ ತೆರೆದರೆ ಉಪ್ಪಿನಕಾಯಿಯ ಘಾಟು ಮತ್ತೆ ಮೂಗಿಗೆ ಬಡಿಯುತ್ತದೆ. ಅದರಲ್ಲಿ ಹಾಕಿದ ಗೋಧಿಹಿಟ್ಟಿನ ಚಪಾತಿಗೂ ಅದೇ ವಾಸನೆ ಬರುತ್ತದೆ. ಈ ವಾಸನೆಯನ್ನು ಕಳೆಯಲು ಸಾಧ್ಯವಿದೆ. ಕ್ರಮ ತಿಳಿದಿರಬೇಕು, ತಾಳ್ಮೆ ಇರಬೇಕು. ಆದರೆ ಅದಕ್ಕೂ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ವಾಸನೆ ಹೋಗುವುದು ಬೇರೆ, ಪಾತ್ರೆ ಆಹಾರಕ್ಕೆ ಯೋಗ್ಯವಾಗುವುದು ಬೇರೆ. ಈ ಲೇಖನದಲ್ಲಿ ನಾವು ಎರಡನ್ನೂ ವಿಚಾರ ಮಾಡೋಣ.

ಮೊದಲ ಪ್ರಶ್ನೆ: ಇದರಲ್ಲಿ ಹಿಂದೆ ಏನಿತ್ತು?

ಹಳೆಯ ಬಕೆಟ್ಟನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಖಚಿತವಾಗಿ ದೊರೆಯದಿದ್ದರೆ ಆ ಬಕೆಟ್ಟು ಆಹಾರಕ್ಕೆ ಬೇಡ. ಕೀಟನಾಶಕ, ಕಳೆನಾಶಕ, ರಸಗೊಬ್ಬರ, ಬಣ್ಣ, ಡಿಸ್ಟೆಂಪರ್, ಅಂಟು, ಫಿನಾಯಿಲ್, ಯಂತ್ರದ ಎಣ್ಣೆ ಇವುಗಳಲ್ಲಿ ಯಾವುದನ್ನು ತುಂಬಿದ್ದ ಪಾತ್ರೆಯಾದರೂ ಅದರಲ್ಲಿ ಧಾನ್ಯವನ್ನಾಗಲಿ ಹಿಟ್ಟನ್ನಾಗಲಿ ಕುಡಿಯುವ ನೀರನ್ನಾಗಲಿ ಇಡಬಾರದು. ಎಷ್ಟು ತೊಳೆದರೂ, ಎಷ್ಟು ಬಿಸಿಲಿಗಿಟ್ಟರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಬಣ್ಣದ ಬಕೆಟ್ಟುಗಳಲ್ಲಿ ಅಕ್ಕಿ, ಜೋಳ ತುಂಬುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಬಣ್ಣದ ವಾಸನೆ ಕೆಲವೇ ದಿನಗಳಲ್ಲಿ ಹೋಗಿಬಿಡುವುದರಿಂದ ಪಾತ್ರೆ ಶುದ್ಧವಾಯಿತೆಂಬ ಭ್ರಮೆ ಉಂಟಾಗುತ್ತದೆ. ಬಣ್ಣ ಕೆಡದಂತೆ, ಬೂಷ್ಟು ಹಿಡಿಯದಂತೆ ಬೆರೆಸಿದ ರಾಸಾಯನಿಕಗಳಿಗೆ ಅಂತಹ ವಾಸನೆ ಇರಲೇಬೇಕೆಂದಿಲ್ಲ. ಆ ಬಕೆಟ್ಟಿನ ಪ್ಲಾಸ್ಟಿಕ್ಕೂ ಆಹಾರವನ್ನು ಉದ್ದೇಶಿಸಿ ತಯಾರಾದುದಲ್ಲ.

ಈ ಎಚ್ಚರ ಅತಿಯಾಯಿತೆಂದು ಯಾರಿಗಾದರೂ ಅನ್ನಿಸಿದರೆ ಒಂದು ದುರಂತವನ್ನು ನೆನಪಿಸಿಕೊಳ್ಳಬೇಕು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ಪ್ರಾಣ ಕಳೆದುಕೊಂಡರು. ಪರೀಕ್ಷೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ತೀವ್ರ ವಿಷದ ಕೀಟನಾಶಕ ಪತ್ತೆಯಾಯಿತು. ಅಡುಗೆಯ ಎಣ್ಣೆಯನ್ನು ಮೊದಲು ಕೀಟನಾಶಕವಿದ್ದ ಡಬ್ಬಿಯಲ್ಲಿ ಇಡಲಾಗಿತ್ತೆಂದು ಅಂದಿನ ಅಧಿಕಾರಿಗಳು ತಿಳಿಸಿದರು. ಆ ಮಕ್ಕಳು ಹಸಿದು ಬಂದು, ಕೊಟ್ಟವರನ್ನು ನಂಬಿ ಉಂಡವರು. ಒಂದು ಪಾತ್ರೆಯ ಪೂರ್ವವೃತ್ತಾಂತವನ್ನು ವಿಚಾರಿಸದೆ ಇರುವುದರ ಬೆಲೆ ಎಷ್ಟೆಂಬುದನ್ನು ಇದಕ್ಕಿಂತ ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆದ್ದರಿಂದ ಹೋಟೆಲು ಅಥವಾ ಬೇಕರಿಯಿಂದ ನೇರವಾಗಿ, ಮೂಲ ಚೀಟಿ ಅಂಟಿರುವಂತೆಯೇ ಬಕೆಟ್ಟನ್ನು ತರುವುದು ಉತ್ತಮ. ಗುಜರಿಯ ರಾಶಿಯಲ್ಲಿ ಆಹಾರದ ಬಕೆಟ್ಟೂ ಬಣ್ಣದ ಬಕೆಟ್ಟೂ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಸಸ್ಯಾಹಾರವನ್ನು ವ್ರತವಾಗಿ ಪಾಲಿಸುವ ನಮ್ಮ ಮನೆಗಳವರು ಹಿಂದಿದ್ದ ಪದಾರ್ಥ ಯಾವುದೆಂಬುದನ್ನೂ ಕೇಳಿ ತಿಳಿಯಬೇಕು. ಮೀನಿನ ಉಪ್ಪಿನಕಾಯಿಯೂ, ಮೊಟ್ಟೆ ಸೇರಿಸಿದ ಮೇಯೊನೇಸೂ ಇದೇ ಬಗೆಯ ಬಕೆಟ್ಟುಗಳಲ್ಲಿ ಬರುತ್ತವೆ. ಚೀಟಿಯ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು.

ಬಕೆಟ್ಟಿನ ತಳವನ್ನು ತಿರುಗಿಸಿ ನೋಡಿದರೆ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ. ಅದು ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳುತ್ತದೆ. ಆಹಾರದ ಬಕೆಟ್ಟುಗಳು ಸಾಮಾನ್ಯವಾಗಿ 2 (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಅಥವಾ 5 (ಪಾಲಿಪ್ರೊಪಿಲೀನ್) ಎಂಬ ಗುರುತಿನವು. ಲೋಟ ಮತ್ತು ಮುಳ್ಳುಚಮಚದ ಚಿತ್ರವಿದ್ದರೆ ಅದು ಆಹಾರಕ್ಕೆಂದು ತಯಾರಾದ ಪಾತ್ರೆ. ಆದರೆ ಈ ಗುರುತುಗಳು ಪಾತ್ರೆ ತಯಾರಾದಾಗಿನ ಸ್ಥಿತಿಯನ್ನು ಹೇಳುತ್ತವೆಯೇ ಹೊರತು ಆಮೇಲೆ ಅದರಲ್ಲಿ ಏನನ್ನು ತುಂಬಿದರು ಎಂಬುದನ್ನು ಹೇಳುವುದಿಲ್ಲ. ಬಣ್ಣದ ಬಕೆಟ್ಟಿನ ತಳದಲ್ಲಿಯೂ 5 ಎಂಬ ಅಂಕೆ ಇರಬಹುದು. ಬಿರುಕು ಬಿಟ್ಟ, ಒಳಗೆ ಆಳವಾದ ಗೀರುಗಳಿರುವ, ಮುಟ್ಟಿದರೆ ಪುಡಿ ಉದುರುವ ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಬರಬೇಕು.

ತೊಳೆದರೂ ವಾಸನೆ ಏಕೆ ಹೋಗುವುದಿಲ್ಲ?

ಸ್ಟೀಲು ಮತ್ತು ಗಾಜಿನ ಪಾತ್ರೆಗಳಿಗೆ ಅಂಟಿದ ಪದಾರ್ಥ ಮೇಲ್ಮೈಯಲ್ಲಿಯೇ ಉಳಿಯುತ್ತದೆ; ಆದ್ದರಿಂದ ತೊಳೆದ ಕೂಡಲೇ ಹೋಗುತ್ತದೆ. ಪ್ಲಾಸ್ಟಿಕ್ಕಿನ ಸ್ವಭಾವ ಬೇರೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್‌ಗಳು ಮೇಣದ ಜಾತಿಗೆ ಹತ್ತಿರದವು. ನೀರನ್ನು ದೂರವಿಡುತ್ತವೆ, ಎಣ್ಣೆಯನ್ನು ಬರಮಾಡಿಕೊಳ್ಳುತ್ತವೆ. ಆಹಾರಕ್ಕೆ ಪರಿಮಳವನ್ನು ಕೊಡುವ ಅಂಶಗಳಲ್ಲಿ ಬಹುಪಾಲು ಎಣ್ಣೆಯಲ್ಲಿ ಕರಗುವಂಥವು. ಬೆಳ್ಳುಳ್ಳಿ, ಈರುಳ್ಳಿ, ಇಂಗುಗಳಲ್ಲಿರುವ ಗಂಧಕದ ಸಂಯುಕ್ತಗಳು, ಲವಂಗದ ಯೂಜಿನಾಲ್, ನಿಂಬೆಯ ಸಿಪ್ಪೆಯ ಲಿಮೊನೀನ್ ಮೊದಲಾದವು ಉಪ್ಪಿನಕಾಯಿಯ ಎಣ್ಣೆಯೊಡನೆ ತಿಂಗಳುಗಟ್ಟಲೆ ಬಕೆಟ್ಟಿನ ಗೋಡೆಗೆ ತಾಗಿಕೊಂಡಿದ್ದಾಗ ನಿಧಾನವಾಗಿ ಅದರೊಳಗೆ ಇಳಿಯುತ್ತವೆ. ಮೇಲಿನ ಜಿಡ್ಡನ್ನು ತೊಳೆದ ಮೇಲೆ ಒಳಗೆ ಇಳಿದಿದ್ದ ಅಂಶ ಮತ್ತೆ ನಿಧಾನವಾಗಿ ಹೊರಬರುತ್ತದೆ. ಮುಚ್ಚಳ ಹಾಕಿಟ್ಟರೆ ಬಕೆಟ್ಟಿನೊಳಗಿನ ಗಾಳಿಯಲ್ಲಿ ಅದು ಕೂಡಿಕೊಳ್ಳುತ್ತದೆ. ತೊಳೆದ ದಿನ ಇಲ್ಲದ ವಾಸನೆ ವಾರದ ನಂತರ ಕಾಣಿಸಿಕೊಳ್ಳುವುದು ಈ ಕಾರಣದಿಂದ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಒಳಗೆ ಇಳಿದುದು ಹೊರಬರಲು ಕಾಲ ಬೇಕು. ಶಾಖ ಮತ್ತು ಗಾಳಿ ಆ ಕಾಲವನ್ನು ಕಡಿಮೆ ಮಾಡುತ್ತವೆ. ಇದು ಮೊದಲನೆಯದು. ಪರಿಮಳದ ಅಣುಗಳು ಇಳಿಯುವ ದಾರಿಯಲ್ಲಿ ವಿಷದ ಅಣುಗಳೂ ಇಳಿಯುತ್ತವೆ. ಇದು ಎರಡನೆಯದು. ಕೀಟನಾಶಕದ ಡಬ್ಬಿಯನ್ನು ತೊಳೆದು ಬಳಸಬಾರದೆನ್ನುವ ನಿಯಮದ ಹಿಂದಿನ ಕಾರಣ ಇದೇ.

ತೊಳೆಯುವ ಕ್ರಮ

ಜಿಡ್ಡು ಉಳಿದಿರುವವರೆಗೆ ಯಾವ ಉಪಾಯವೂ ಫಲಿಸುವುದಿಲ್ಲ. ಆದ್ದರಿಂದ ನೀರು ಹಾಕುವುದಕ್ಕೆ ಮೊದಲು ಒಣ ಬಟ್ಟೆಯಿಂದ ಅಥವಾ ಕಾಗದದಿಂದ ಒಳಭಾಗವನ್ನು ಚೆನ್ನಾಗಿ ಒರೆಸಬೇಕು. ಬಳಿಕ ಕಡಲೆಹಿಟ್ಟನ್ನೋ ಅಕ್ಕಿಯ ತವುಡನ್ನೋ ಉದುರಿಸಿ ಅಂಗೈಯಿಂದ ಉಜ್ಜಿದರೆ ಉಳಿದ ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ. ಅದನ್ನು ಕೊಡವಿ ಹಾಕಿ, ಕೈ ತಾಳುವಷ್ಟು ಬಿಸಿಯಾದ ನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಿಂದ ಎರಡು ಬಾರಿ ತೊಳೆಯಬೇಕು. ಮೊದಲ ನೀರು ಜಿಡ್ಡನ್ನು ಬಿಡಿಸುತ್ತದೆ, ಎರಡನೆಯದು ಬಿಟ್ಟ ಜಿಡ್ಡನ್ನು ಕೊಂಡೊಯ್ಯುತ್ತದೆ. ಕುದಿಯುವ ನೀರನ್ನು ಸುರಿಯುವ ಅಗತ್ಯವಿಲ್ಲ; ತೆಳುವಾದ ಬಕೆಟ್ಟು ಸೊಟ್ಟಗಾಗಿ ಮುಚ್ಚಳ ಕೂರದಂತಾಗಬಹುದು, ಕೈಗೂ ಅಪಾಯ.

ಉಜ್ಜಲು ಮೆತ್ತನೆಯ ಬಟ್ಟೆ, ಸ್ಪಂಜು ಅಥವಾ ತೆಂಗಿನ ನಾರು ಸಾಕು. ಕಬ್ಬಿಣದ ಉಜ್ಜುಗವನ್ನೂ ಮರಳನ್ನೂ ಬಳಸಬಾರದು. ಅವು ಮೂಡಿಸುವ ಸಣ್ಣ ಗೀರುಗಳಲ್ಲಿ ಜಿಡ್ಡೂ ಸೂಕ್ಷ್ಮಜೀವಿಗಳೂ ನೆಲೆಸುತ್ತವೆ. ಮುಂದೆ ಪ್ರತಿ ಬಾರಿ ತೊಳೆಯುವುದು ಕಷ್ಟವಾಗುತ್ತದೆ. ಸೌದೆಯ ಬೂದಿಯಿಂದ ಪಾತ್ರೆ ಬೆಳಗುವುದು ನಮ್ಮ ಹಳೆಯ ರೂಢಿ. ಬೂದಿಯಲ್ಲಿರುವ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ ಎಂಬುದು ನಿಜ. ಆದರೆ ಪ್ಲಾಸ್ಟಿಕ್ಕಿಗೆ ಬೂದಿಯನ್ನು ನೇರವಾಗಿ ಹಾಕಿ ತಿಕ್ಕಿದರೆ ಗೀರುಗಳಾಗುತ್ತವೆ. ಬೂದಿಯನ್ನು ನೀರಿನಲ್ಲಿ ಕಲಸಿ, ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿನೀರನ್ನು ಮಾತ್ರ ಬಳಸಬೇಕು. ಸೀಗೆಕಾಯಿಯ ಪುಡಿಯ ನೀರೂ ನೊರೆಗಟ್ಟಿ ಜಿಡ್ಡನ್ನು ಎತ್ತುತ್ತದೆ.

ಬಕೆಟ್ಟಿಗಿಂತ ಹೆಚ್ಚು ವಾಸನೆ ಅಡಗಿರುವುದು ಮುಚ್ಚಳದಲ್ಲಿ. ಮುಚ್ಚಳದ ಒಳಅಂಚಿನ ಕಿರುಗಾಲುವೆಯಲ್ಲಿ ಹಳೆಯ ಎಣ್ಣೆ ನಿಂತಿರುತ್ತದೆ. ಅಲ್ಲಿ ರಬ್ಬರಿನ ಉಂಗುರವಿದ್ದರೆ ಅದನ್ನು ಬಿಡಿಸಿ ಬೇರೆಯಾಗಿ ತೊಳೆಯಬೇಕು. ರಬ್ಬರು ವಾಸನೆಯನ್ನು ಪ್ಲಾಸ್ಟಿಕ್ಕಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎರಡು ಬಾರಿ ಪ್ರಯತ್ನಿಸಿದರೂ ಅದರ ವಾಸನೆ ಹೋಗದಿದ್ದರೆ ಉಂಗುರವನ್ನು ಬಿಟ್ಟುಬಿಡುವುದೇ ಸರಿ. ಗಾಲುವೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸುತ್ತಲೂ ಉಜ್ಜಬೇಕು. ಹಿಡಿಕೆಯ ಸಂದು, ಬಕೆಟ್ಟಿನ ಹೊರಅಂಚಿನ ಮಡಿಕೆ, ಅರೆಬರೆ ಹರಿದ ಚೀಟಿಯ ಅಂಟು ಇವೂ ವಾಸನೆಯ ನೆಲೆಗಳೇ. ಚೀಟಿಯ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಒರೆಸಿ, ಸಾಬೂನಿನಿಂದ ತೊಳೆದರೆ ಹೋಗುತ್ತದೆ.

ಯಾವ ವಾಸನೆಗೆ ಯಾವ ಉಪಾಯ?

ಎಲ್ಲ ವಾಸನೆಗೂ ಒಂದೇ ಮದ್ದಿಲ್ಲ. ವಿನೆಗರಿನ ಹುಳಿ, ಹಳಸಿದ ತುಪ್ಪ ಬೆಣ್ಣೆಗಳ ಮುಗ್ಗಲು ವಾಸನೆ ಇವು ಆಮ್ಲದ ಸ್ವಭಾವದವು. ಇವುಗಳಿಗೆ ಕ್ಷಾರಗುಣದ ಅಡುಗೆ ಸೋಡಾ ತಕ್ಕದ್ದು. ಒಂದು ಲೀಟರು ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಅಡುಗೆ ಸೋಡಾ ಕರಗಿಸಿ, ಬಕೆಟ್ಟಿನ ಅಂಚಿನವರೆಗೆ ತುಂಬಿ, ಮುಚ್ಚಳವನ್ನೂ ಅದೇ ನೀರಿನಲ್ಲಿ ಮುಳುಗಿಸಿ ಒಂದು ರಾತ್ರಿ ಬಿಡಬೇಕು. ಸೋಡಾ ಆಮ್ಲದೊಡನೆ ಕೂಡಿ ಅದನ್ನು ಆವಿಯಾಗದ ಲವಣವನ್ನಾಗಿ ಮಾಡುತ್ತದೆ. ಆವಿಯಾಗದ ವಸ್ತು ಮೂಗನ್ನು ತಲುಪುವುದಿಲ್ಲ. ವನಸ್ಪತಿಯಂತಹ ಗಟ್ಟಿ ಜಿಡ್ಡಿಗೆ ಬಟ್ಟೆ ಸೋಡಾ ಹೆಚ್ಚು ಪರಿಣಾಮಕಾರಿ. ಅದು ಚರ್ಮವನ್ನು ಸುಡುವುದರಿಂದ ಕೈಗವಸು ಧರಿಸಿ ಬಳಸಬೇಕು, ಬಳಿಕ ಮೂರು ನಾಲ್ಕು ಬಾರಿ ಬರಿಯ ನೀರಿನಲ್ಲಿ ತೊಳೆಯಬೇಕು.

ಬೆಳ್ಳುಳ್ಳಿ, ಈರುಳ್ಳಿ, ಇಂಗಿನ ವಾಸನೆ ಬೇಗನೆ ಹೋಗುವುದಿಲ್ಲ. ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಒಳಗೆಲ್ಲ ತಾಗುವಂತೆ ಎರಡು ಗಂಟೆ ಇಟ್ಟು ತೊಳೆದರೆ ಅದು ಸ್ವಲ್ಪ ಕುಗ್ಗುತ್ತದೆ; ಉಳಿದುದನ್ನು ಬಿಸಿಲು ಮತ್ತು ಇದ್ದಿಲು ನೋಡಿಕೊಳ್ಳಬೇಕು. ಹಿಂಡಿ ಉಳಿದ ನಿಂಬೆಯ ಹೋಳುಗಳಿಂದ ಉಜ್ಜುವುದೂ ಒಂದು ಉಪಾಯವೇ. ಆದರೆ ನಿಂಬೆಯ ಸಿಪ್ಪೆಯ ಎಣ್ಣೆಯನ್ನೂ ಪ್ಲಾಸ್ಟಿಕ್ಕು ಹೀರಿಕೊಳ್ಳುವುದರಿಂದ ಒಂದು ವಾಸನೆ ಹೋಗಿ ಇನ್ನೊಂದು ನಿಲ್ಲಬಹುದು. ಉಜ್ಜುವುದಾದರೆ ತಿರುಳಿನ ಭಾಗದಿಂದ ಉಜ್ಜಿ ಕೂಡಲೇ ತೊಳೆಯಬೇಕು.

ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದರೆ ಬುಸುಬುಸು ನೊರೆ ಬರುವುದನ್ನು ಕಂಡು ಅದೇ ಹೆಚ್ಚು ಶಕ್ತಿಯುತವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಕ್ಷಾರವೂ ಆಮ್ಲವೂ ಒಂದನ್ನೊಂದು ತಟಸ್ಥಗೊಳಿಸಿ, ಉಳಿಯುವುದು ಬರಿಯ ಉಪ್ಪುನೀರಿನಂತಹ ದ್ರಾವಣ. ಎರಡನ್ನೂ ಬಳಸಬೇಕೆಂದಿದ್ದರೆ ಒಂದಾದ ಮೇಲೆ ಒಂದನ್ನು, ನಡುವೆ ನೀರಿನಿಂದ ತೊಳೆದು ಬಳಸಬೇಕು.

ಬಿಸಿಲು, ಗಾಳಿ, ಇದ್ದಿಲು

ತೊಳೆದ ಬಕೆಟ್ಟನ್ನೂ ಮುಚ್ಚಳವನ್ನೂ ಬೇರೆಬೇರೆಯಾಗಿ, ಬಾಯಿ ಸೂರ್ಯನ ಕಡೆಗೆ ಇರುವಂತೆ ಓರೆಯಾಗಿ ಬಿಸಿಲಿಗೆ ಇಡಬೇಕು. ಶಾಖಕ್ಕೆ ಒಳಗಿನ ವಾಸನೆಯ ಅಂಶ ಬೇಗ ಹೊರಬರುತ್ತದೆ, ಗಾಳಿ ಅದನ್ನು ಒಯ್ಯುತ್ತದೆ. ಅರಿಸಿನದ ಹಳದಿ ಕಲೆಯೂ ಬಿಸಿಲಿಗೆ ಮಾಸುತ್ತದೆ, ಏಕೆಂದರೆ ಅರಿಸಿನದ ಬಣ್ಣ ಬೆಳಕನ್ನು ತಾಳಲಾರದು. ಮೂರು ನಾಲ್ಕು ದಿನಗಳ ಬಿಸಿಲು ಸಾಕು. ತಿಂಗಳುಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಪ್ಲಾಸ್ಟಿಕ್ಕೇ ಜೀರ್ಣವಾಗಿ ಪುಡಿಪುಡಿಯಾಗುತ್ತದೆ. ರಾತ್ರಿ ಇಬ್ಬನಿ ಬೀಳದಂತೆ ಒಳಗಿಡಬೇಕು, ಆಗಲೂ ಮುಚ್ಚಳ ಹಾಕಬಾರದು. ಮಳೆಗಾಲದಲ್ಲಿ ಗಾಳಿ ಆಡುವ ಪಡಸಾಲೆಯಲ್ಲಿ ಹೆಚ್ಚು ದಿನ ಇಡಬೇಕಾದೀತು.

ಇಷ್ಟಾದರೂ ವಾಸನೆ ಉಳಿದರೆ ಹೀರುವ ವಸ್ತುಗಳ ನೆರವು ಪಡೆಯಬೇಕು. ಇವುಗಳಲ್ಲಿ ಶ್ರೇಷ್ಠವಾದುದು ಇದ್ದಿಲು. ಇದ್ದಿಲಿನೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿದ್ದು, ವಾಸನೆಯ ಅಣುಗಳು ಅವುಗಳ ಗೋಡೆಗೆ ಅಂಟಿಕೊಳ್ಳುತ್ತವೆ. ನೀರು ಶೋಧಿಸಲು ಬಳಸುವ ಸಕ್ರಿಯ ಇದ್ದಿಲಿಗೆ ಈ ಶಕ್ತಿ ಬಹಳ ಹೆಚ್ಚು. ಒಲೆಯ ಸಾಮಾನ್ಯ ಇದ್ದಿಲಿಗೆ ಕಡಿಮೆಯಾದರೂ ಇದ್ದೇ ಇದೆ. ಪೂರ್ತಿ ಆರಿದ, ಒಣಗಿದ ಇದ್ದಿಲನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಬಕೆಟ್ಟಿನೊಳಗಿಟ್ಟು, ಮುಚ್ಚಳ ಹಾಕಿ, ಬೆಚ್ಚಗಿನ ಜಾಗದಲ್ಲಿ ಒಂದು ವಾರ ಬಿಡಬೇಕು. ಕೆಂಡದ ಸುಳಿವಿರುವ ಇದ್ದಿಲನ್ನು ಎಂದಿಗೂ ಹಾಕಬಾರದು. ಇದ್ದಿಲು ಇಲ್ಲದವರು ಒಣ ಅಡುಗೆ ಸೋಡಾವನ್ನು ತಟ್ಟೆಯಲ್ಲಿ ಹರಡಿ ಒಳಗಿಡಬಹುದು. ಹಳೆಯ ವೃತ್ತಪತ್ರಿಕೆಯನ್ನು ಮುದುರಿ ತುಂಬುವುದೂ ತೇವವನ್ನೂ ಸ್ವಲ್ಪ ವಾಸನೆಯನ್ನೂ ಹೀರುತ್ತದೆ. ಆದರೆ ಅಚ್ಚಿನ ಶಾಯಿ ಆಹಾರಕ್ಕೆ ತಾಗಬಾರದಾದ್ದರಿಂದ ಆಮೇಲೆ ಬಕೆಟ್ಟನ್ನು ಮತ್ತೆ ಸಾಬೂನಿನಿಂದ ತೊಳೆಯಲೇಬೇಕು.

ಕಾಫಿಪುಡಿ, ಕರ್ಪೂರ, ಊದುಬತ್ತಿಯ ಹೊಗೆ, ಸುಗಂಧದ ಎಣ್ಣೆ ಇವು ಮುಖ್ಯವಾಗಿ ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತವೆ. ಹಳೆಯದು ಕೆಳಗೆ ಉಳಿದೇ ಇರುತ್ತದೆ. ಜೊತೆಗೆ ಕರ್ಪೂರವೂ ಸುಗಂಧವೂ ಪ್ಲಾಸ್ಟಿಕ್ಕಿನೊಳಗೆ ಇಳಿದು ಹೊಸ ತೊಡಕನ್ನು ತರುತ್ತವೆ. ಕರ್ಪೂರ ಸೇವನೆಗೆ ಯೋಗ್ಯವಲ್ಲ. ಧಾನ್ಯದ ಬಕೆಟ್ಟಿನ ಹತ್ತಿರವೂ ಅದು ಬೇಡ.

ಬ್ಲೀಚಿಂಗ್ ದ್ರಾವಣದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಪ್ಲಾಸ್ಟಿಕ್ಕಿನೊಳಗೆ ಇಳಿದ ವಾಸನೆಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಬ್ಲೀಚಿಂಗನ್ನು ವಿನೆಗರು, ನಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಮ್ಲದೊಡನೆ ಬೆರೆಸಿದರೆ ಕ್ಲೋರಿನ್ ಅನಿಲ ಹೊರಬಂದು ಉಸಿರಾಟಕ್ಕೆ ತೀವ್ರ ಅಪಾಯ ಉಂಟಾಗುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಕುಳಿತು ಬಕೆಟ್ಟು ತೊಳೆಯುವ ತಾಯಂದಿರು ಈ ಮಾತನ್ನು ಮರೆಯಬಾರದು. ಪೆಟ್ರೋಲು, ಸೀಮೆಎಣ್ಣೆ, ಥಿನ್ನರುಗಳಿಂದ ಒರೆಸುವುದಂತೂ ಸರ್ವಥಾ ಕೂಡದು. ಅವು ಪ್ಲಾಸ್ಟಿಕ್ಕಿನೊಳಗೆ ನೆಲೆಸಿ ಆಹಾರವನ್ನು ಸೇರುತ್ತವೆ.

ಬಕೆಟ್ಟು ಸಿದ್ಧವಾಯಿತೆಂದು ತಿಳಿಯುವ ಬಗೆ

ತೆರೆದಿಟ್ಟ ಬಕೆಟ್ಟನ್ನು ಮೂಸಿ ನಿರ್ಣಯಕ್ಕೆ ಬರಬಾರದು. ಪೂರ್ತಿ ಒಣಗಿದ ಬಕೆಟ್ಟಿಗೆ ಮುಚ್ಚಳ ಬಿಗಿದು ಒಂದು ಹಗಲು, ಒಂದು ರಾತ್ರಿ ಬೆಚ್ಚನೆಯ ಜಾಗದಲ್ಲಿಟ್ಟು, ತೆರೆದ ಕೂಡಲೇ ಮೂಸಬೇಕು. ಎರಡು ದಿನದಿಂದ ತೊಳೆಯುತ್ತಿರುವವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಹೊರಗಿನಿಂದ ಆಗತಾನೆ ಬಂದ ಮತ್ತೊಬ್ಬರಿಂದ ಮೂಸಿ ನೋಡಿಸುವುದು ಒಳ್ಳೆಯದು.

ಇಲ್ಲಿ ತೇರ್ಗಡೆಯಾದ ಬಕೆಟ್ಟಿಗೆ ಇನ್ನೊಂದು ಪರೀಕ್ಷೆ ಇದೆ. ಒಂದು ಹಿಡಿ ರವೆ ಅಥವಾ ಅಕ್ಕಿಹಿಟ್ಟನ್ನು ಸಣ್ಣ ತಟ್ಟೆಯಲ್ಲಿ ಒಳಗಿಟ್ಟು ಮುಚ್ಚಿ ಮೂರು ದಿನ ಬಿಡಬೇಕು. ಆಮೇಲೆ ಅದಕ್ಕೆ ಸ್ವಲ್ಪ ಬಿಸಿನೀರು ಹಾಕಿ ಕಲಸಿ ಮೂಸಿದರೆ ಉಳಿದಿರುವ ವಾಸನೆ ಬಯಲಾಗುತ್ತದೆ. ಹಿಟ್ಟಿಗೆ ವಾಸನೆ ಹಿಡಿದಿದ್ದರೆ ಇದ್ದಿಲಿನ ಕ್ರಮವನ್ನು ಇನ್ನೊಂದು ವಾರ ಮುಂದುವರಿಸಬೇಕು. ಈ ಪರೀಕ್ಷೆ ಆಹಾರದ ಬಕೆಟ್ಟೆಂದು ಖಚಿತವಾದವುಗಳಿಗೆ ಮಾತ್ರ. ಹಿನ್ನೆಲೆ ತಿಳಿಯದ ಬಕೆಟ್ಟಿಗೆ ಮೂಗಿನ ಸಾಕ್ಷಿ ಸಲ್ಲದು. ಆಹಾರಕ್ಕೆ ಅದು ಬೇಡವೇ ಬೇಡ.

ಯಾವುದನ್ನು ತುಂಬಬಹುದು?

ಅಲ್ಪ ವಾಸನೆ ಉಳಿದ ಬಕೆಟ್ಟನ್ನು ಎಸೆಯಬೇಕಾಗಿಲ್ಲ. ತಕ್ಕ ಪದಾರ್ಥವನ್ನು ಆರಿಸಿದರೆ ಸಾಕು. ಜೋಳ, ರಾಗಿ, ಗೋಧಿ, ಹುರುಳಿಯಂತಹ ಇಡೀ ಕಾಳುಗಳು ವಾಸನೆಯನ್ನು ನಿಧಾನವಾಗಿ ಹಿಡಿಯುತ್ತವೆ, ಬಳಸುವ ಮೊದಲು ಅವುಗಳನ್ನು ತೊಳೆಯಬಹುದು ಅಥವಾ ಬಿಸಿಲಿಗೆ ಹರಡಬಹುದು. ಹಿಟ್ಟು, ರವೆ, ಚಹಾಪುಡಿ, ಹಾಲಿನ ಪುಡಿ, ಸಕ್ಕರೆಗಳು ವಾಸನೆಯನ್ನು ಬೇಗ ಸೆಳೆಯುತ್ತವೆ. ಶೇಂಗಾ, ಕೊಬ್ಬರಿ, ಎಳ್ಳು, ತುಪ್ಪಗಳಲ್ಲಿ ಕೊಬ್ಬಿನ ಅಂಶ ಹೆಚ್ಚಿರುವುದರಿಂದ ಅವು ವಾಸನೆಯನ್ನೂ ಸೆಳೆಯುತ್ತವೆ, ಪ್ಲಾಸ್ಟಿಕ್ಕಿನ ಅಂಶವನ್ನೂ ಸೆಳೆಯಬಲ್ಲವು. ತುಪ್ಪ, ಎಣ್ಣೆ, ಉಪ್ಪಿನಕಾಯಿ, ಹುಣಸೆಹಣ್ಣುಗಳಿಗೆ ಸ್ಟೀಲು, ಗಾಜು, ಪಿಂಗಾಣಿಯ ಪಾತ್ರೆಗಳೇ ಉತ್ತಮ. ಬಿಸಿಯಾದ ಅನ್ನ, ಸಾರು, ಪಾಯಸಗಳನ್ನು ಹಳೆಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿ ಬಡಿಸುವ ಪದ್ಧತಿಯನ್ನು ಜಾತ್ರೆ, ಮದುವೆಗಳಲ್ಲಿ ಕಾಣುತ್ತೇವೆ. ಇದನ್ನು ಕೈಬಿಡಬೇಕು. ಮನೆಯಲ್ಲಿ ಶೇಂಗಾ ಅಥವಾ ಎಳ್ಳು ಒಗ್ಗದವರಿದ್ದರೆ ಅವು ಹಿಂದೆ ಇದ್ದ ಬಕೆಟ್ಟನ್ನು ಅವರ ಆಹಾರಕ್ಕೆ ಬಳಸಬಾರದು.

ಬಿಗಿ ಮುಚ್ಚಳದ ಬಕೆಟ್ಟು ಹೊರಗಿನ ತೇವವನ್ನು ತಡೆಯುವಂತೆ ಒಳಗಿನ ತೇವವನ್ನೂ ಹೊರಹೋಗಗೊಡುವುದಿಲ್ಲ. ಅರೆ ಒಣಗಿದ ಕಾಳನ್ನು ತುಂಬಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಶೇಂಗಾ, ಮೆಕ್ಕೆಜೋಳಗಳ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಇದು ಯಕೃತ್ತಿಗೆ ಹಾನಿಕರ, ಕ್ಯಾನ್ಸರಿಗೂ ಕಾರಣ, ಸಾಧಾರಣ ಅಡುಗೆಯ ಶಾಖಕ್ಕೆ ನಾಶವಾಗುವುದಿಲ್ಲ. ಆದ್ದರಿಂದ ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಮುರಿಯುವಷ್ಟು ಕಾಳನ್ನು ಒಣಗಿಸಿ, ಬಿಸಿಲಿನ ಶಾಖ ಆರಿದ ಮೇಲೆ ತುಂಬಬೇಕು. ಹುಳುವಿಗೆ ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ಸಾಕು. ಧಾನ್ಯದ ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮನೆಯಲ್ಲಿ ಇಡಲೇಬಾರದು. ಗಾಳಿಯ ತೇವಕ್ಕೆ ಅವುಗಳಿಂದ ಹೊರಡುವ ಫಾಸ್ಫೀನ್ ಅನಿಲ ಮಾರಕವಾದುದು.

ಪ್ರತಿ ಬಕೆಟ್ಟಿನ ಮೇಲೆ ಹಿಂದೆ ಇದ್ದ ಪದಾರ್ಥ, ಈಗಿನ ಪದಾರ್ಥ, ತುಂಬಿದ ತಾರೀಕು ಇವುಗಳನ್ನು ಬರೆದ ಚೀಟಿಯನ್ನು ಅಂಟಿಸುವುದು ರೂಢಿಯಾಗಲಿ. ಮನೆಯಲ್ಲಿ ಒಬ್ಬರ ನೆನಪು ಸಾಕಾದೀತು. ಹತ್ತು ಕೈಗಳು ದುಡಿಯುವ ದಾಸೋಹದ ಉಗ್ರಾಣದಲ್ಲಿ ಇಂದು ಇದ್ದವರು ನಾಳೆ ಇರುವುದಿಲ್ಲ. ಅಲ್ಲಿ ಬರಹವೇ ನೆನಪು. ಬಣ್ಣ, ಫಿನಾಯಿಲ್ ಮೊದಲಾದವುಗಳ ಬಕೆಟ್ಟುಗಳನ್ನು ಉಗ್ರಾಣದೊಳಗೆ ತರದೆ ಬೇರೆಯ ಕೋಣೆಯಲ್ಲಿ ಇರಿಸಿದರೆ ಅದಲುಬದಲಿನ ಭಯವೂ ಇಲ್ಲ.

ಆಹಾರಕ್ಕೆ ಒಗ್ಗದ ಬಕೆಟ್ಟುಗಳು

ಬಣ್ಣದ ಬಕೆಟ್ಟು ನೆಲ ಒರೆಸಲು, ಸಿಮೆಂಟು ಕಲಸಲು, ಮನೆಯ ಉಪಕರಣಗಳನ್ನು ಇಡಲು ಬಂದೀತು. ವಾಸನೆ ಬಿಡದ ಉಪ್ಪಿನಕಾಯಿಯ ಬಕೆಟ್ಟಿನ ತಳಕ್ಕೆ ತೂತು ಹಾಕಿ ಹೂವಿನ ಗಿಡ ಬೆಳೆಸಬಹುದು, ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಬಹುದು. ಕೀಟನಾಶಕದ ಡಬ್ಬಿಗೆ ಮಾತ್ರ ಯಾವ ಮರುಬಳಕೆಯೂ ಸಲ್ಲದು. ಹೊಲದಲ್ಲಿ ಔಷಧಿಯನ್ನು ಬೆರೆಸುವಾಗಲೇ ಡಬ್ಬಿಯನ್ನು ಮೂರು ಬಾರಿ ನೀರಿನಿಂದ ಕುಲುಕಿ, ಆ ನೀರನ್ನು ಸಿಂಪಡಣೆಯ ತೊಟ್ಟಿಗೇ ಹಾಕಿ, ಬಳಿಕ ಡಬ್ಬಿಗೆ ತೂತು ಹೊಡೆದು ಯಾರೂ ಬಳಸದಂತೆ ಮಾಡುವುದು ಸರಿಯಾದ ಕ್ರಮ.

ಅಂಗಳದಲ್ಲಿ ಬಿಟ್ಟ ಬಕೆಟ್ಟಿನಲ್ಲಿ ಮಳೆಯ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದೇ ತೊಟ್ಟಿಲು. ನಿಂತ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ ಹತ್ತು ದಿನ ಸಾಕಾಗುವುದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲಿ, ಒಳಗೋಡೆಯನ್ನು ಉಜ್ಜಿ, ಬೋರಲು ಹಾಕಬೇಕು. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಎತ್ತರದ ಬಕೆಟ್ಟಿನಲ್ಲಿ ಸ್ವಲ್ಪ ನೀರನ್ನೂ ತೆರೆದಿಡಬಾರದು. ಇಣುಕುವ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು.

ಪ್ರಸಾದವನ್ನು ಅಷ್ಟಾವರಣಗಳಲ್ಲಿ ಒಂದೆಂದು ಗೌರವಿಸುವ ಪರಂಪರೆ ನಮ್ಮದು. ಪಂಕ್ತಿಯಲ್ಲಿ ಕುಳಿತವರು ಧಾನ್ಯ ಎಲ್ಲಿಂದ ಬಂತು, ಯಾವ ಪಾತ್ರೆಯಲ್ಲಿತ್ತು ಎಂದು ಕೇಳುವುದಿಲ್ಲ, ನಂಬಿ ಕೈಯೊಡ್ಡುತ್ತಾರೆ. ಅವರು ಕೇಳದ ಪ್ರಶ್ನೆಯನ್ನು ಅವರ ಪರವಾಗಿ ಕೇಳುವುದು ಉಗ್ರಾಣವನ್ನು ನೋಡಿಕೊಳ್ಳುವವರ ಕಾಯಕ. ಈ ವಾರ ಬಿಡುವು ಮಾಡಿಕೊಂಡು ನಮ್ಮ ನಮ್ಮ ಮನೆಯ ಬಕೆಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡೋಣ. ಹಿಂದೆ ಏನಿತ್ತೆಂದು ಗೊತ್ತಿರುವುದನ್ನು ತೊಳೆದು, ಒಣಗಿಸಿ, ಚೀಟಿ ಅಂಟಿಸೋಣ. ಗೊತ್ತಿಲ್ಲದ್ದರಲ್ಲಿ ಧಾನ್ಯವಿದ್ದರೆ ಇನ್ನು ಮುಂದೆ ಅದರಲ್ಲಿ ತುಂಬುವುದನ್ನು ನಿಲ್ಲಿಸೋಣ. ಬಣ್ಣ ಅಥವಾ ಔಷಧಿಯ ಬಕೆಟ್ಟೆಂದು ತಿಳಿದುಬಂದರೆ ಒಳಗಿನ ಧಾನ್ಯವನ್ನು ದನಕರುಗಳಿಗೂ ಹಾಕದೆ ಬಿಡೋಣ. ಒಂದು ಬಕೆಟ್ಟು ಧಾನ್ಯದ ನಷ್ಟ ಸಹಿಸಬಹುದಾದ ನಷ್ಟ.